ಅಂಗೈಯಲ್ಲಿ ಆಟದ ಪೆಟ್ಟಿಗೆ

ಸಕ್ರೆಬೈಲು ತುಂಗಾ ನದಿಯ ದಡದ ಊರು. ಇಲ್ಲಿನ ಆನೆ ಬಿಡಾರ ಎಲ್ಲರಿಗೂ ಗೊತ್ತು. ಈ ಊರಿನ ಒಂದು ಮನೆ. ಮಗಳು ಜಗಲಿ ಮೇಲೆ ವೈರು, ಗುಂಡಿ, ಚಿಕ್ಕ ಪರದೆ ಹರಡಿಕೊಂಡು ಕೂತಿದ್ದಾಳೆ.

"ಏನೇ ಇದು, ಗುಜರಿ ಅಂಗಡಿ?" ಅಮ್ಮ ಕೇಳಿದಳು.

"ವಿಡಿಯೋ ಗೇಮ್ ಕಣಮ್ಮ. ಕೈಯಲ್ಲಿ ಹಿಡಿದು ಆಡೋದು. ನಾನೇ ಮಾಡ್ತಿದೀನಿ."

ಅಕ್ಕಂದಿರೇ, ಇಂಥ ಪೆಟ್ಟಿಗೆ ಹೊಸದೇನಲ್ಲ. 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ 'ಗೇಮ್ ಬಾಯ್' ಎಂಬ ಪೆಟ್ಟಿಗೆ ತಂದಿತು. ಅದಕ್ಕೆ ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕಿತ್ತು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಆಟ ಅದರಲ್ಲಿ ಬಹಳ ಹೆಸರಾಯಿತು. ಇಂಥ ಹಳೇ ಆಟಗಳನ್ನು ಆಡುವ ಪೆಟ್ಟಿಗೆಯನ್ನು ಈಗ ಮನೆಯಲ್ಲೇ ಮಾಡಬಹುದು.

ಪೆಟ್ಟಿಗೆಯ ಮಿದುಳು ಒಂದು ಪುಟ್ಟ ಹಲಗೆ. ಅದೇ ಕಂಪ್ಯೂಟರ್. 'ರಾಸ್ಪ್‌ಬೆರಿ ಪೈ ಝೀರೋ' ಎಂಬುದು ಅಂಥ ಒಂದು ಹಲಗೆ. 2015ರಲ್ಲಿ ಬಂತು. ಉದ್ದ ಆರೂವರೆ ಸೆಂಟಿಮೀಟರ್, ಅಷ್ಟೇ! ಆಟವೆಲ್ಲ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ ಇರುತ್ತದೆ.

ಗುಂಡಿ ಒತ್ತಿದರೆ ಎರಡು ತಂತಿ ಒಂದಕ್ಕೊಂದು ಸೇರುತ್ತವೆ. ಬಿಟ್ಟರೆ ಬೇರೆಯಾಗುತ್ತವೆ. ಮನೆಯ ಕರೆಗಂಟೆಯೂ ಹೀಗೇ. ತಂತಿ ಸೇರಿದ್ದು ಹಲಗೆಗೆ ತಿಳಿಯುತ್ತದೆ. ಪರದೆ ಮೇಲಿನ ಇಟ್ಟಿಗೆ ಸರಿಯುತ್ತದೆ. ಇವನ್ನೆಲ್ಲ ಇಡಲು ಹಳೇ ಪ್ಲಾಸ್ಟಿಕ್ ಡಬ್ಬಿ ಸಾಕು. ತಗಡಿನ ಡಬ್ಬಿ ಬೇಡ. ತಗಡು ತಾಗಿದರೆ ಶಾರ್ಟ್ ಆಗುತ್ತದೆ.

ಇನ್ನು ಕರೆಂಟು. ಮಗಳು ಟಿ.ವಿ. ಡಬ್ಬಿಯ ಹಳೇ ಅಡಾಪ್ಟರ್ ತಂದಳು. ಅದರ ವೈರು ಕತ್ತರಿಸಿ ಹಲಗೆಗೆ ಜೋಡಿಸಲು ಹೊರಟಳು. ಅಮ್ಮ ಅದನ್ನು ಕೈಗೆ ತಗೊಂಡಳು. ಅಂಕೆ ಓದೋದು ಕಲಿತಿದ್ದಳಲ್ಲ, ಬೆರಳಿಟ್ಟು ಓದಿದಳು.

"ಮೊದಲ ಸಾಲಲ್ಲಿ 100, 240. ಎರಡನೇ ಸಾಲಲ್ಲಿ 12. ನಿನ್ನ ಹಲಗೆಗೆ ಎಷ್ಟು ಬೇಕೇ?"

"ಐದು..." ಮಗಳ ಕೈ ನಿಂತಿತು.

ಮೊದಲ ಸಾಲು ಗೋಡೆಯಿಂದ ಒಳಗೆ ಬರುವ ಕರೆಂಟಿನದು. ಎರಡನೆಯದು ಹೊರಗೆ ಹೋಗುವ ಕರೆಂಟಿನದು. ನಾವು ನೋಡಬೇಕಾದ್ದು ಎರಡನೆಯದನ್ನು. 5 ವೋಲ್ಟ್ ಬೇಕಾದ ಹಲಗೆಗೆ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತದೆ. ದುಡ್ಡೆಲ್ಲ ನೀರುಪಾಲು.

ಮೊಬೈಲಿಗೆ ಹಾಕುವ ಪವರ್ ಬ್ಯಾಂಕ್ 5 ವೋಲ್ಟ್ ಕೊಡುತ್ತದೆ. ಅದೇ ವಾಸಿ. ಬಿಡಿ ಲಿಥಿಯಂ ಬ್ಯಾಟರಿ ಮಕ್ಕಳ ಕೈಗೆ ಬೇಡ. ಅದರ + ತುದಿ, − ತುದಿ ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಬಹುದು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ. ಒಲೆಗೆ ಹಾಕಲೇಬೇಡಿ.

ಓದಿ, ಬರೆಯಿರಿ: ಗುಂಡಿ, ಪರದೆ, ಹಲಗೆ, ಅಡಾಪ್ಟರ್, ವೋಲ್ಟ್.

ನಿಮ್ಮ ಮನೆಯ ಅಡಾಪ್ಟರ್ ನೋಡಿ. ಹೊರಗೆ ಹೋಗುವ ಕರೆಂಟು ಎಷ್ಟು ವೋಲ್ಟ್? ಇಲ್ಲಿ ಬರೆಯಿರಿ: ........