ಸೋಲಾರ್ ಹಾಕಿಸಿದ ಅಸಲು ಹುಟ್ಟುವುದು ಯಾವಾಗ?

"ನಾಲ್ಕೇ ವರ್ಷ ಸಾರ್, ಆಮೇಲೆ ಇಪ್ಪತ್ತು ವರ್ಷ ಕರೆಂಟು ಪುಕ್ಕಟೆ." ಮಾಳಿಗೆ ಸೋಲಾರ್ ಮಾರುವವರ ಬಾಯಲ್ಲಿ ಈಗ ಇದೇ ಮಾತು. ಇದು ಸುಳ್ಳಲ್ಲ, ಆದರೆ ಎಲ್ಲರ ಮನೆಗೂ ಒಪ್ಪುವ ಮಾತೂ ಅಲ್ಲ. ಅಸಲು ಎಷ್ಟು ವರ್ಷಕ್ಕೆ ಹುಟ್ಟುತ್ತದೆ ಎನ್ನುವುದನ್ನು ಬಿಸಿಲಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಮೂರು ಕಾಗದಗಳು: ನಿಮ್ಮ ವಿದ್ಯುತ್ ಬಿಲ್ಲು, ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಜೊತೆಗಿನ ಒಪ್ಪಂದ, ಸೋಲಾರ್ ಕೂರಿಸುವವರ ಕರಾರು.

ಮೊದಲು ಬಿಲ್ಲು. ಕರ್ನಾಟಕದಲ್ಲಿ 2023ರ ಜುಲೈನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇದೆ. 2022-23ರ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮೀರದಂತೆ ನಿಮ್ಮ ಅರ್ಹತೆ ನಿಗದಿಯಾಗಿರುತ್ತದೆ. ಅದರೊಳಗೇ ಇದ್ದು ಸೊನ್ನೆ ಬಿಲ್ಲು ಪಡೆಯುವವರಿಗೆ ಸೋಲಾರ್ ಉಳಿಸಿಕೊಡುವುದಾದರೂ ಏನನ್ನು? ಈ ಯೋಜನೆ ಇರುವವರೆಗೆ ಅಂಥ ಮನೆಯ ಅಸಲು ಹುಟ್ಟುವ ದಾರಿ ಕಾಣುವುದಿಲ್ಲ. ಇದನ್ನು ಯಾವ ಏಜೆಂಟರೂ ತಾವಾಗಿ ಹೇಳರು. ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಕಟ್ಟುವ ಮನೆಗೆ ಮಾತ್ರ ಲೆಕ್ಕ ಬೇರೆ.

ಆ ಲೆಕ್ಕವನ್ನೇ ಹಾಕಿ ನೋಡೋಣ. ಒಂದು ಕಿಲೋವ್ಯಾಟ್ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟಿನ ಆಸುಪಾಸು ಕೊಡುತ್ತದೆ. ಮಳೆಗಾಲ, ಧೂಳು, ನೆರಳು ಎಲ್ಲ ಕಳೆದು ಮೂರು ಕಿಲೋವ್ಯಾಟಿಗೆ ತಿಂಗಳಿಗೆ 330 ಯೂನಿಟ್ ಹಿಡಿಯಿರಿ. 2025-26ರ ಗೃಹ ಬಳಕೆ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇಕಡ 9 ತೆರಿಗೆ, ನೌಕರರ ಪಿಂಚಣಿ ಬಾಬ್ತಿನ 36 ಪೈಸೆ ಸೇರಿದರೆ ಒಂದು ಯೂನಿಟ್ ಉಳಿಸಿದ್ದಕ್ಕೆ ಸುಮಾರು 6 ರೂಪಾಯಿ 70 ಪೈಸೆ ಉಳಿಯುತ್ತದೆ. ವರ್ಷಕ್ಕೆ ಸುಮಾರು 26,500 ರೂಪಾಯಿ. ಕೂರಿಸುವ ಖರ್ಚು 1 ಲಕ್ಷ 90 ಸಾವಿರ ಎಂದಿಟ್ಟುಕೊಂಡು ಪಿಎಂ ಸೂರ್ಯಘರ್ ಯೋಜನೆಯ 78,000 ಸಹಾಯಧನ ಕಳೆದರೆ ಕೈಯಿಂದ ಹೋಗುವುದು 1 ಲಕ್ಷ 12 ಸಾವಿರ. ನಾಲ್ಕೂಕಾಲು ವರ್ಷ. ಏಜೆಂಟರ ಮಾತು ಇಲ್ಲಿ ನಿಜವಾಯಿತು, ಆದರೆ ತಿಂಗಳಿಗೆ 330 ಯೂನಿಟ್ ಸುಡುವ ಮನೆಯಲ್ಲಿ.

ಹೆಚ್ಚುವರಿ ಕರೆಂಟನ್ನು ಮಾರಿ ಲಾಭ ಮಾಡುತ್ತೇವೆಂದು ದೊಡ್ಡ ಘಟಕ ಹಾಕಿಸುವವರಿದ್ದಾರೆ. 2013ರ ಅಕ್ಟೋಬರಿನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮಾಳಿಗೆ ಸೋಲಾರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಕೊಟ್ಟಿತ್ತು. ಆ ಕಾಲದಲ್ಲಿ ಒಪ್ಪಂದ ಮಾಡಿಕೊಂಡ ಪಕ್ಕದ ಮನೆಯವರ ಖಾತೆಗೆ ಇಂದೂ ಒಳ್ಳೆಯ ಹಣ ಬೀಳುತ್ತಿರಬಹುದು. ಅವರನ್ನು ನೋಡಿ ನೀವು ಲೆಕ್ಕ ಹಾಕುವಂತಿಲ್ಲ. ದರ ಒಪ್ಪಂದದ ಕಾಲಕ್ಕೆ ಅಂಟಿಕೊಂಡಿರುತ್ತದೆ, ಈಗಿನ ದರ ನೀವು ಕೊಳ್ಳುವ ಕರೆಂಟಿನ ಬೆಲೆಗಿಂತ ಬಹಳ ಕಡಿಮೆ. ನೆಟ್ ಮೀಟರಿನಲ್ಲಿ ನೀವು ಕೊಟ್ಟದ್ದನ್ನು ನೀವು ಪಡೆದದ್ದರಿಂದ ವಜಾ ಮಾಡಿ, ಮಿಕ್ಕದ್ದಕ್ಕಷ್ಟೇ ಆ ದರ. ಹಾಗಾಗಿ ತಿಂಗಳಿಗೆ 230 ಯೂನಿಟ್ ಬಳಸುವವರಿಗೆ ಎರಡು ಕಿಲೋವ್ಯಾಟ್ ಸಾಕು. ಅದಕ್ಕೆ ಸಹಾಯಧನ 60,000.

ಬಿಲ್ಲಿನಲ್ಲಿ ಇನ್ನೊಂದು ಸಾಲನ್ನೂ ನೋಡಿ: ಮಂಜೂರಾದ ಲೋಡ್. ಹಳೆಯ ಮನೆಗಳಲ್ಲಿ ಒಂದೋ ಎರಡೋ ಕಿಲೋವ್ಯಾಟ್ ಇರುತ್ತದೆ. ಮೂರು ಕಿಲೋವ್ಯಾಟ್ ಫಲಕ ಹಾಕಿದರೆ ಲೋಡನ್ನೂ ಅಷ್ಟಕ್ಕೆ ಏರಿಸಲಾಗುತ್ತದೆ. 2025-26ರ ನಿಗದಿತ ಶುಲ್ಕ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ, ಬಿಸಿಲು ಎಷ್ಟೇ ಬಿದ್ದರೂ ಅದು ತಪ್ಪುವುದಿಲ್ಲ. ಒಂದು ಕಿಲೋವ್ಯಾಟ್ ಏರಿದರೆ ವರ್ಷಕ್ಕೆ 1,740 ಹೆಚ್ಚಾಗಿ, ನಾಲ್ಕೂಕಾಲು ವರ್ಷ ನಾಲ್ಕೂವರೆ ದಾಟುತ್ತದೆ.

ಎಸ್ಕಾಂ ಕಚೇರಿಯ ಬಾಗಿಲಲ್ಲಿ ನಿಮ್ಮ ಹಕ್ಕು ಗಟ್ಟಿಯಾಗಿದೆ. ಕೇಂದ್ರದ ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳು 2020ರಲ್ಲಿ ಬಂದವು. 2024ರ ಫೆಬ್ರುವರಿಯ ತಿದ್ದುಪಡಿ ಇವನ್ನು ಇನ್ನಷ್ಟು ಸಲೀಸು ಮಾಡಿತು. 10 ಕಿಲೋವ್ಯಾಟ್ ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರೀಕ್ಷೆ ಬೇಕಿಲ್ಲ, ಅರ್ಜಿ ಒಪ್ಪಿದಂತೆಯೇ. 5 ಕಿಲೋವ್ಯಾಟ್ ವರೆಗಿನ ಘಟಕಕ್ಕಾಗಿ ಲೈನು, ಟ್ರಾನ್ಸ್‌ಫಾರ್ಮರ್ ಬಲಪಡಿಸಬೇಕಾಗಿ ಬಂದರೆ ಖರ್ಚು ವಿದ್ಯುತ್ ಕಂಪನಿಯದು. "ಟ್ರಾನ್ಸ್‌ಫಾರ್ಮರ್ ಫುಲ್ ಆಗಿದೆ, ನಿಮ್ಮ ದುಡ್ಡಲ್ಲಿ ಹಾಕಿಸಿ" ಎಂದರೆ ಅದನ್ನೇ ಬರಹದಲ್ಲಿ ಕೊಡಿ ಎನ್ನಿ. ಘಟಕ ಕೂರಿಸಿದ ಪ್ರಮಾಣಪತ್ರ ಕೊಟ್ಟ ಮೇಲೆ ಒಪ್ಪಂದ, ಮೀಟರು, ಚಾಲನೆ ಎಲ್ಲ 15 ದಿನದೊಳಗೆ ಮುಗಿಯಬೇಕು. ಸಕಾರಣವಿಲ್ಲದೆ ತಡವಾದರೆ ದಿನಕ್ಕೆ 500 ರೂಪಾಯಿಗೆ ಕಡಿಮೆಯಿಲ್ಲದ ಪರಿಹಾರ. ಫಲಕ ಮಾಳಿಗೆ ಮೇಲೆ ಕೂತು ಮೀಟರಿಗಾಗಿ ಕಾಯುವ ಪ್ರತಿ ತಿಂಗಳೂ ನಿಮ್ಮ ಅಸಲನ್ನು ಮುಂದೂಡುತ್ತದೆ, ಹಾಗಾಗಿ ಪ್ರತಿ ಅರ್ಜಿಗೂ ಸ್ವೀಕೃತಿ ಮತ್ತು ತಾರೀಖು ಕೇಳಿ ಪಡೆಯಿರಿ.

ಅರ್ಜಿಗೆ ಮೊದಲು ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ತೀರಿಕೊಂಡ ಅಜ್ಜನ ಹೆಸರಲ್ಲೇ ಮೀಟರ್ ಓಡುತ್ತಿರುವ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಸಹಾಯಧನ ಬರುವುದು ಗ್ರಾಹಕರ ಬ್ಯಾಂಕ್ ಖಾತೆಗೆ, ಆದ್ದರಿಂದ ಹೆಸರು ವರ್ಗಾವಣೆ ಮೊದಲು ಆಗಲಿ. ಅಪಾರ್ಟ್‌ಮೆಂಟಿನಲ್ಲಿ ಮಾಳಿಗೆ ಸಾಮಾನ್ಯವಾಗಿ ಎಲ್ಲರ ಸ್ವತ್ತು, ಸಂಘದ ಒಪ್ಪಿಗೆಯಿಲ್ಲದೆ ಫಲಕ ಕೂರಿಸುವಂತಿಲ್ಲ.

ಕೂರಿಸುವವರ ವಿಷಯಕ್ಕೆ ಬಂದರೆ, ಸೂರ್ಯಘರ್ ಪೋರ್ಟಲ್ಲಿನಲ್ಲಿ ನೋಂದಾಯಿತರಾದವರನ್ನೇ ಆರಿಸಬೇಕು, ಭಾರತದಲ್ಲೇ ತಯಾರಾದ ಕೋಶಗಳ ಫಲಕವೇ ಆಗಬೇಕು, ಇಲ್ಲವಾದರೆ ಸಹಾಯಧನವಿಲ್ಲ. ಕೊಟೇಶನ್ನಿನಲ್ಲಿ ತೆರಿಗೆ ನೋಡಿ: 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣದ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಕೂರಿಸುವ ಕೆಲಸವೂ ಸೇರಿದ ಗುತ್ತಿಗೆಗೆ ಒಟ್ಟು ಸುಮಾರು ಶೇಕಡ 8.9 ಬೀಳುತ್ತದೆ. ಹಳೆಯ 13.8 ಇನ್ನೂ ಮುದ್ರಿಸಿದ್ದರೆ ಕೇಳಿ.

ಮತ್ತೊಂದು ಮಾತು ಮಾರುವಾಗ ಮುಚ್ಚಿಟ್ಟುಕೊಳ್ಳುವಂಥದ್ದು. ಬ್ಯಾಟರಿಯಿಲ್ಲದ, ಲೈನಿಗೆ ಜೋಡಿಸಿದ ಘಟಕ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲಿ ಎಂದೇ ಈ ವ್ಯವಸ್ಥೆ. "ಇನ್ನು ಮುಂದೆ ಪವರ್ ಕಟ್ಟೇ ಇಲ್ಲ" ಎಂದು ಹೇಳಿ ಮಾರಿದ್ದರೆ ಅದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆದರೆ ಸಾಬೀತಿಗೆ ಬಾಯಿಮಾತು ಸಾಲದು. ಫಲಕದ ಬ್ರ್ಯಾಂಡು, ಇನ್ವರ್ಟರಿನ ವಾರಂಟಿ, ಐದು ವರ್ಷದ ನಿರ್ವಹಣೆ, ಯಾವ ಹಂತಕ್ಕೆ ಎಷ್ಟು ಹಣ, ಎಲ್ಲವೂ ಕರಾರಿನಲ್ಲಿರಲಿ. ಇನ್ವರ್ಟರ್ ಫಲಕದಷ್ಟು ಬಾಳುವುದಿಲ್ಲ. ಒಮ್ಮೆ ಬದಲಿಸುವ ಖರ್ಚನ್ನು ಅಸಲಿನ ಲೆಕ್ಕದಲ್ಲೇ ಸೇರಿಸಿಡುವುದು ಜಾಣತನ.

ತಕರಾರು ಎದ್ದರೆ ಯಾರ ತಪ್ಪು ಎಂಬುದರ ಮೇಲೆ ದಾರಿ ಬೇರೆ. ಎಸ್ಕಾಂ ಮೀಟರ್ ಕೊಡದಿದ್ದರೆ, ಬಿಲ್ಲಿನಲ್ಲಿ ವಜಾ ತಪ್ಪಿದ್ದರೆ ಮೊದಲು 1912ಕ್ಕೆ ದೂರು, ಅದಕ್ಕೊಂದು ಸಂಖ್ಯೆ. ಅಲ್ಲಿ ಆಗದಿದ್ದರೆ ವಿದ್ಯುಚ್ಛಕ್ತಿ ಕಾಯ್ದೆ 2003ರ 42ನೇ ಕಲಮಿನ ಪ್ರಕಾರ ಇರುವ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್. ಕಡತ ಎಲ್ಲಿ ಕೂತಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಯೂ ಆಗುತ್ತದೆ. ಕೂರಿಸಿದವರು ಕೈಕೊಟ್ಟರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಬಳಿಕ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಯಾವ ಊರಿನದಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. "ಬರ್ತೀವಿ ಸಾರ್, ನಾಳೆ ಬರ್ತೀವಿ" ಎಂಬ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಆಯೋಗದ ಮುಂದೆ ಅವು ಸಾಕ್ಷ್ಯ.