ಕೊಡ ಎತ್ತಿದರೆ ಮೂತ್ರ ಜಾರುತ್ತದೆ, ಬೆಳಕಿನ ಚಿಕಿತ್ಸೆ ಬೇಕೇ?

ಅಕ್ಕಾ, ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದು ಯೋನಿ, ಮೂತ್ರನಾಳಗಳ ಒಳಪದರ ತೆಳುವಾಗುತ್ತದೆ. ನಿಮ್ಮ ಉರಿ, ಒಣಗುವಿಕೆಗೆ ಅದೇ ಕಾರಣವಿರಬಹುದು. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಚಿತ್ತಾಪುರದ ಬಿಸಿಲಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೀರಲ್ಲ, ಅದು ಬೇಡ. ಮೂತ್ರ ಗಟ್ಟಿಯಾದರೆ ಉರಿ ಹೆಚ್ಚುತ್ತದೆ.

ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ಸೋಂಕಿಲ್ಲವೆಂದಾದರೆ, ಮೂತ್ರ ಜಾರುವುದಕ್ಕೆ ಕೆಗೆಲ್ ವ್ಯಾಯಾಮ ಶುರುಮಾಡಿ. ಗಾಳಿ ಹೋಗದಂತೆ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಸೆಳೆದುಕೊಳ್ಳಿ. 5 ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಸಡಿಲ ಬಿಡುವುದನ್ನೇ ಬಹಳ ಮಂದಿ ಮರೆಯುತ್ತಾರೆ. ಒಮ್ಮೆಗೆ 10 ಸಲ, ದಿನಕ್ಕೆ 3 ಹೊತ್ತು. ಉಸಿರು ಕಟ್ಟಬೇಡಿ, ತೊಡೆ ಬಿಗಿಯಬೇಡಿ, ಮೂತ್ರ ಮಾಡುವಾಗ ಅಭ್ಯಾಸ ಮಾಡಬೇಡಿ. ಕೊಡ ಎತ್ತುವ, ಕೆಮ್ಮುವ ಮುಂಚೆಯೇ ಒಮ್ಮೆ ಬಿಗಿಹಿಡಿಯಿರಿ. ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು.

ಒಣಗುವಿಕೆಗೆ ವ್ಯಾಯಾಮ ಒಂದೇ ಸಾಲದು. ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ವೈದ್ಯರು ಬರೆದುಕೊಟ್ಟರೆ ಮಾತ್ರ. ಸ್ತನ ಕ್ಯಾನ್ಸರ್ ಆಗಿದ್ದರೆ ಅವರಿಗೆ ತಪ್ಪದೆ ಹೇಳಿ.

ಕೆಂಪು ಬೆಳಕಿನ ಚಿಕಿತ್ಸೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಯೋನಿಗೆ ಮಾಡುವ ಲೇಸರ್ ಚಿಕಿತ್ಸೆ ಬೇರೆಯದು. ಅದರಿಂದ ಸುಟ್ಟಗಾಯ, ಕಲೆ, ನೋವು ಆಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ತೊಗರಿ ಮಾರಿದ ದುಡ್ಡನ್ನು ಇವೆರಡಕ್ಕೂ ಸುರಿಯಬೇಡಿ.

ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಒಂದು ಹನಿಯಾದರೂ ಸರಿ, ತಡಮಾಡದೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ ತೋರಿಸಿ.