ಡಿಸ್ಕ್ ನಿಂತಾಗ ಮೊದಲ ರೂಪಾಯಿ ಎಲ್ಲಿಗೆ?

ಕಳೆದ ಮಳೆಗಾಲದ ಒಂದು ಸಂಜೆ. ತೋಟದಲ್ಲಿ ಕೊಳೆ ಔಷಧಿಯ ಎರಡನೇ ಸುತ್ತು ಮುಗಿದಿತ್ತು. ಮೈಲುತುತ್ತ ಇಷ್ಟು, ಸುಣ್ಣ ಇಷ್ಟು, ಮರ ಹತ್ತಿದವರ ಕೂಲಿ ಇಷ್ಟು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ತುಂಬಿ ಸೇವ್ ಒತ್ತಿದೆ. ಪರದೆ ನಿಂತುಬಿಟ್ಟಿತು. ಮೌಸಿನ ಬಾಣ ಓಡಾಡುತ್ತಿತ್ತು, ಆದರೆ ಯಾವುದನ್ನು ಒತ್ತಿದರೂ ಏನೂ ತೆರೆಯುತ್ತಿರಲಿಲ್ಲ. ಸಿಪಿಯು ಡಬ್ಬಿಯ ಮುಂದಿನ ಕೆಂಪು ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮನೆ ಉರಿಯತೊಡಗಿತು. ಒಳಗೆ ‘ಟಕ್’ ಎಂದು ಒಂದು ಸದ್ದು. ಆಮೇಲೆ ಏನೋ ನಿಧಾನಕ್ಕೆ ತಿರುಗಲು ಶುರುವಾದ ಹಾಗೆ ಇನ್ನೊಂದು ಸದ್ದು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಒತ್ತಿದ್ದೆಲ್ಲ ಒಟ್ಟಿಗೆ ತೆರೆದುಕೊಂಡಿತು. ಏನೂ ಆಗಿಯೇ ಇಲ್ಲ ಎಂಬಂತೆ ಕಂಪ್ಯೂಟರ್ ನಡೆಯಿತು.

ನಾನಿರುವುದು ಸಾಗರದಲ್ಲಿ. ಈ ಕಂಪ್ಯೂಟರ್ 2017ರಲ್ಲಿ ಬಿಡಿಭಾಗ ತರಿಸಿ ಜೋಡಿಸಿದ್ದು. 2011ರಿಂದ ಬರೆದಿಟ್ಟ ಮನೆ ಖರ್ಚು, ತೋಟದ ಜಮಾ-ಖರ್ಚು, ಅಮ್ಮನ ಆಸ್ಪತ್ರೆ ಬಿಲ್ಲುಗಳು, ಮಗಳ ಮದುವೆಯ ಫೋಟೊಗಳು, ಈ ಅಂಕಣದ ಹಳೆಯ ಬರಹಗಳು, ಎಲ್ಲವೂ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. ಮರುದಿನ ಮತ್ತೆ ನಿಂತಿತು. ಅದರ ಮರುದಿನ ನಿಲ್ಲಲಿಲ್ಲ. ನಾಲ್ಕನೇ ದಿನ ಎರಡು ಸಲ. ಪೂರ್ತಿ ಕೆಟ್ಟ ಯಂತ್ರವನ್ನು ಅಂಗಡಿಗೆ ಒಯ್ಯಬಹುದು. ಆಗಾಗ ಕೆಡುವ ಯಂತ್ರ ಅಂಗಡಿಯ ಮೇಜಿನ ಮೇಲೆ ಇಟ್ಟಾಗ ಸರಿಯಾಗೇ ಇರುತ್ತದೆ. ಅಲ್ಲಿಂದಲೇ ಊಹೆಯ ಖರ್ಚು ಶುರುವಾಗುವುದು.

ಮೊದಲ ಮೂರು ವಾರದಲ್ಲಿ ನಾನು ಮಾಡಿದ ಖರ್ಚನ್ನು ಇದ್ದ ಹಾಗೆ ಬರೆಯುತ್ತೇನೆ. ವೈರಸ್ ಇರಬೇಕೆಂದು ಆಂಟಿವೈರಸ್, 699 ರೂಪಾಯಿ. ವಿಂಡೋಸ್ ಹಳೆಯದಾಗಿದೆ ಎಂದು ಫಾರ್ಮ್ಯಾಟ್, 500. ರ್‍ಯಾಮ್ ಸಾಲುತ್ತಿಲ್ಲ ಎಂದು 8 ಜಿಬಿಯ ಹೊಸ ರ್‍ಯಾಮ್, 1,900. ಒಟ್ಟು 3,099. ಪ್ರತಿ ಸಲವೂ ಒಂದೆರಡು ದಿನ ಚೆನ್ನಾಗಿ ನಡೆಯಿತು, ಪ್ರತಿ ಸಲವೂ ‘ಟಕ್’ ಎಂಬ ಸದ್ದು ಮರಳಿ ಬಂತು. ನಾಲ್ಕನೇ ಸಲ ಹೋದಾಗ ಅಂಗಡಿಯ ಹುಡುಗ, “ಸರ್, ಡಿಸ್ಕ್ ಹೋಗ್ತಾ ಇದೆ. ಹೊಸ ಡಿಸ್ಕ್ ಹಾಕಿಸಿದ್ರೆ ನಾಲ್ಕು ಸಾವಿರ. ಆದ್ರೆ ಈ ಮಿಷಿನ್‌ಗೆ ಯಾಕೆ ಹಾಕ್ತೀರಿ? ಅಕ್ಟೋಬರ್‌ಗೆ ವಿಂಡೋಸ್ ಟೆನ್ನೂ ಮುಗಿಯುತ್ತೆ. ಮೂವತ್ತೆಂಟು ಸಾವಿರಕ್ಕೆ ಹೊಸದೇ ಮಾಡಿಕೊಡ್ತೀನಿ” ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜವೇ. ಆದರೆ ಅದಕ್ಕೂ ನನ್ನ ಡಿಸ್ಕ್ ನಿಲ್ಲುವುದಕ್ಕೂ ಸಂಬಂಧವಿರಲಿಲ್ಲ. ಎರಡು ಬೇರೆ ಬೇರೆ ವಿಷಯಗಳು ಒಂದೇ ಬಿಲ್ಲಿನೊಳಗೆ ಸೇರಿಕೊಳ್ಳುವಾಗ ಗಿರಾಕಿ ಸ್ವಲ್ಪ ತಡೆದು ನಿಲ್ಲಬೇಕು. ನಾನು “ನಾಳೆ ಹೇಳ್ತೀನಿ” ಎಂದು ಬಂದೆ.

ಆ ರಾತ್ರಿ ತಂಗಿಯ ಮಗನಿಗೆ ಫೋನ್ ಮಾಡಿದೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವವನು. ಎಲ್ಲ ಕೇಳಿ ಅವನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಮಾವ, ಕಾಪಿ ಇದೆಯಾ?”

“ಡಿ ಡ್ರೈವಿನಲ್ಲಿ ಒಂದು ಇಟ್ಟಿದ್ದೇನೆ” ಎಂದೆ.

“ಸಿ, ಡಿ ಎರಡೂ ಒಂದೇ ಡಿಸ್ಕು ಮಾವ. ಒಂದೇ ಮನೆಯ ಎರಡು ಕೋಣೆ. ಮಾಡು ಬಿದ್ದರೆ ಎರಡೂ ಹೋಗುತ್ತೆ. ನಾಳೆ ಮೊದಲು ಹೊರಗಿನ ಡಿಸ್ಕಿಗೆ ಎಲ್ಲ ತೆಗೆದಿಡಿ. ಅಲ್ಲಿವರೆಗೆ ಏನನ್ನೂ ರಿಪೇರಿ ಮಾಡಬೇಡಿ, ಸ್ಕ್ಯಾನೂ ಮಾಡಬೇಡಿ.”

ಎಷ್ಟೋ ಮನೆಗಳಲ್ಲಿ ಇದೇ ತಪ್ಪು ನಂಬಿಕೆ ಇದೆ. ಫಾರ್ಮ್ಯಾಟ್ ಮಾಡುವಾಗ ಡಿ ಉಳಿಯುತ್ತದೆ ಎಂಬ ಕಾರಣಕ್ಕೆ ಡಿ ಎಂದರೆ ಭದ್ರ ಎಂದುಕೊಂಡಿದ್ದೇವೆ. ಡಿಸ್ಕೇ ಹೋದರೆ ಡಿ ಕೂಡ ಹೋಗುತ್ತದೆ. ಮರುದಿನ 4,800 ಕೊಟ್ಟು 1 ಟಿಬಿಯ ಹೊರಗಿನ ಡಿಸ್ಕ್ ತಂದೆ. ಕಾಪಿ ಆಗುವಾಗ ಎರಡು ಸಲ ನಿಂತಿತು, ಎರಡು ಸಲವೂ ನಿಂತಲ್ಲಿಂದ ಮತ್ತೆ ಶುರು ಮಾಡಿದೆ. ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಈ ಇಡೀ ಪ್ರಕರಣದಲ್ಲಿ ನಾನು ಖರ್ಚು ಮಾಡಿದ ಹಣದಲ್ಲಿ ಸರಿಯಾದ ಜಾಗಕ್ಕೆ ಹೋದದ್ದು ಇದೊಂದೇ.

“ಸ್ಕ್ಯಾನೂ ಮಾಡಬೇಡಿ” ಎಂದು ಅವನು ಯಾಕೆ ಹೇಳಿದ ಎಂಬುದು ಸೊರಬದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಚಿಕ್ಕಪ್ಪನ ಮಗನ ಕಥೆ ನೆನಪಾದಾಗ ಅರ್ಥವಾಯಿತು. ಅವನ ಡಿಸ್ಕೂ ಹೀಗೇ ನಿಂತು ನಿಂತು ನಡೆಯುತ್ತಿತ್ತು. ಯಾರೋ ಹೇಳಿದರೆಂದು ರಾತ್ರಿಯಿಡೀ ಚೆಕ್‌ಡಿಸ್ಕ್ ಹಾಕಿಬಿಟ್ಟ. ಅದರ ಪೂರ್ತಿ ತಪಾಸಣೆ ಡಿಸ್ಕಿನ ಮೂಲೆ ಮೂಲೆಯನ್ನೂ ಓದಿಸುತ್ತದೆ. ಗಟ್ಟಿಯಾದ ಡಿಸ್ಕಿಗೆ ಅದು ವ್ಯಾಯಾಮ. ಆಗಲೇ ಸೋತ ಡಿಸ್ಕಿಗೆ ಬೆಟ್ಟ ಹತ್ತಿಸಿದ ಹಾಗೆ. ಬೆಳಿಗ್ಗೆ ಡಿಸ್ಕ್ ಪತ್ತೆಯೇ ಆಗಲಿಲ್ಲ. ಒಳಗೆ ಮೂರು ಮದುವೆಗಳ ಫೋಟೊ ಇದ್ದವು. ಡೇಟಾ ತೆಗೆದುಕೊಡುವವರು 22,000 ಕೇಳಿದರು, ಅವನು ಕೊಟ್ಟ, ಎರಡು ಮದುವೆಗಳ ಫೋಟೊ ಸಿಕ್ಕವು. ಡಿಸ್ಕಿಗೆ ಇನ್ನೂ ವಾರಂಟಿ ಇತ್ತು. ಕಂಪನಿ ಬೇರೆ ಡಿಸ್ಕ್ ಕೊಟ್ಟಿತು. ವಾರಂಟಿ ಇರುವುದು ಡಿಸ್ಕಿಗೆ. ಒಳಗಿದ್ದ ಮೂರನೇ ಮದುವೆಗೆ ಯಾವ ಕಾಗದದಲ್ಲೂ ಹೊಣೆಗಾರರಿಲ್ಲ.

ಕಾಪಿ ಆದ ಮೇಲೆ ಮನಸ್ಸಿಗೆ ಸಮಾಧಾನ ಬಂತು, ನೋಡುವ ತಾಳ್ಮೆಯೂ ಬಂತು. ತಂಗಿಯ ಮಗ ಹೇಳಿದಂತೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ. ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ, ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಈ ತಂತ್ರಾಂಶ ಆ ಲೆಕ್ಕವನ್ನು ಸಾಲುಸಾಲಾಗಿ ತೋರಿಸುತ್ತದೆ. ಸಾಲುಗಳು ಬಹಳ, ಆದರೆ ಮನೆಯವರು ನೋಡಬೇಕಾದ್ದು ನಾಲ್ಕೈದು. ‘05’ ಎಂಬ ಸಾಲು, ಕೆಟ್ಟ ಜಾಗಗಳನ್ನು ಬಿಟ್ಟು ಮೀಸಲು ಜಾಗಕ್ಕೆ ಹೋದ ಲೆಕ್ಕ. ‘ಸಿ5’ ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಜಾಗಗಳ ಲೆಕ್ಕ. ಸೊರಬದ ಡಿಸ್ಕಿನಲ್ಲಿ ಏರಿದ್ದು ಇದೇ. ಓದಲಾಗದ ಜಾಗ ಸಿಕ್ಕಾಗ ಡಿಸ್ಕ್ ಸುಮ್ಮನೆ ಬಿಡುವುದಿಲ್ಲ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅಷ್ಟು ಹೊತ್ತು ವಿಂಡೋಸ್ ಕಾಯುತ್ತದೆ, ನಮ್ಮ ಪರದೆ ನಿಲ್ಲುತ್ತದೆ. ಈ ಎರಡು ಸಾಲು ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕಿಗೆ ಹಣ ಎತ್ತಿಡುವುದೇ ಸರಿ. ‘ಸಿ7’ ಏರುತ್ತಿದ್ದರೆ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಚಪ್ಪಟೆ ಡೇಟಾ ಕೇಬಲ್ಲಿನ ಮೇಲೆ ಅನುಮಾನ. ಅದರ ಬೆಲೆ ನೂರು ನೂರೈವತ್ತರ ಆಸುಪಾಸು. ಸಿ7ರ ಸಂಖ್ಯೆ ಒಮ್ಮೆ ಏರಿದರೆ ಇಳಿಯುವುದಿಲ್ಲ, ಹಾಗಾಗಿ ಕೇಬಲ್ ಬದಲಿಸಿದ ಮೇಲೆ ಅದು ಅಲ್ಲೇ ನಿಂತಿದೆಯೇ ಎಂದು ನೋಡಬೇಕು.

ನನ್ನ ಡಿಸ್ಕಿನಲ್ಲಿ ಈ ಮೂರೂ ಸೊನ್ನೆ. ಎಂಟು ವರ್ಷ ದುಡಿದ ಡಿಸ್ಕ್ ಗಟ್ಟಿಯಾಗಿತ್ತು. ಹಾಗಾದರೆ ನಿಲ್ಲುವುದೇಕೆ?

ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಎಂಬ ದಿನಚರಿ ಇದೆ. ಅದರ ಸಿಸ್ಟಮ್ ಭಾಗದಲ್ಲಿ ಪರದೆ ನಿಂತ ಹೊತ್ತಿಗೆ ಸರಿಯಾಗಿ 129 ಮತ್ತು 153 ಎಂಬ ಸಂಖ್ಯೆಗಳು ಬಿದ್ದಿದ್ದವು. 129 ಎಂದರೆ ಡಿಸ್ಕ್ ಉತ್ತರ ಕೊಡದ್ದರಿಂದ ಅದನ್ನು ರೀಸೆಟ್ ಮಾಡಲಾಯಿತು ಎಂದು. 153 ಎಂದರೆ ಓದು-ಬರಹವನ್ನು ಮತ್ತೊಮ್ಮೆ ಮಾಡಬೇಕಾಯಿತು ಎಂದು. ಕೆಟ್ಟ ಜಾಗವನ್ನು ಹೇಳುವ 7 ಒಂದೂ ಇರಲಿಲ್ಲ. ಡಿಸ್ಕಿಗೆ ಓದಲು ಕಷ್ಟವಾಗುತ್ತಿಲ್ಲ, ನಡುನಡುವೆ ಅದೇ ಕಾಣೆಯಾಗುತ್ತಿದೆ ಎಂದಾಯಿತು.

ಸುಳಿವು ಸಿಕ್ಕಿದ್ದು ‘0ಸಿ’ ಎಂಬ ಸಾಲಿನಲ್ಲಿ. ಡಿಸ್ಕಿಗೆ ಎಷ್ಟು ಸಲ ಕರೆಂಟು ಬಂದಿದೆ ಎಂಬ ಲೆಕ್ಕ ಅದು. ಸಂಜೆ ಆರಕ್ಕೆ ಕಂಪ್ಯೂಟರ್ ಹಾಕಿದಾಗ ಅಲ್ಲಿ ‘ಬಿ62’ ಎಂದಿತ್ತು. ಈ ತಂತ್ರಾಂಶ ಅಂಕಿಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ, ನಮ್ಮ ಎಣಿಕೆಗೆ ಬದಲಿಸಿಕೊಳ್ಳಬಹುದು. ಬಿ62 ಎಂದರೆ 2,914. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಂದು ಏಳು ಇಪ್ಪತ್ತಕ್ಕೆ, ಎಂಟಕ್ಕೆ, ಎಂಟೂವರೆ ದಾಟಿದ ಮೇಲೆ, ಒಟ್ಟು ಮೂರು ಸಲ ‘ಟಕ್’ ಎಂದಿತು. ನಡುವೆ ಕಂಪ್ಯೂಟರನ್ನು ನಾನು ಆರಿಸಿರಲಿಲ್ಲ. ಒಂಬತ್ತಕ್ಕೆ ನೋಡಿದರೆ 2,917. ಮೂರು ಸಲ ನಿಂತಿತು, ಮೂರು ಸಲ ಡಿಸ್ಕಿಗೆ ಕರೆಂಟು ಹೋಗಿ ಬಂದಿತ್ತು. ಅಷ್ಟು ದಿನ ನಾನು ಕೇಳುತ್ತಿದ್ದ ಎರಡನೇ ಸದ್ದು, ನಿಂತ ಡಿಸ್ಕ್ ಮತ್ತೆ ತಿರುಗಲು ಹೊರಟ ಸದ್ದು.

ಭಾನುವಾರ ಬೆಳಿಗ್ಗೆ ಗೋಡೆಯ ಪ್ಲಗ್ಗನ್ನೇ ಕಿತ್ತು, ಕಬ್ಬಿಣದ ಕಿಟಕಿ ಸರಳನ್ನೊಮ್ಮೆ ಮುಟ್ಟಿ, ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಡಿಸ್ಕಿಗೆ ಕರೆಂಟು ಬರುತ್ತಿದ್ದುದು ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್‌ನಿಂದ ನೇರವಾಗಿ ಅಲ್ಲ. ಹಳೆಯ ಕಾಲದ ನಾಲ್ಕು ದಪ್ಪ ಪಿನ್ನಿನ ಬಿಳಿ ಪ್ಲಗ್ಗಿಗೆ ಒಂದು ಅಡಾಪ್ಟರ್ ತಂತಿ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಡಿಸ್ಕಿಗೆ ಹಾಕಿದ್ದರು. ಬಿಳಿ ಪ್ಲಗ್ ಎಳೆದಾಗ ಬಿಗಿಯೇ ಇಲ್ಲದೆ ಕೈಗೆ ಬಂತು. ಹಳದಿ ತಂತಿ ಬರುವ ತೂತಿನ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಹಳದಿಯಲ್ಲಿ ಬರುವುದು 12 ವೋಲ್ಟ್, ಡಿಸ್ಕಿನ ಮೋಟರು ತಿರುಗುವುದು ಅದರಿಂದ. ಸಡಿಲ ಜಾಗ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನೂ ಸಡಿಲವಾಗುತ್ತದೆ. ಕಂಪ್ಯೂಟರ್ ಹಾಕಿ ಒಂದು ಗಂಟೆಯ ಮೇಲೆ ಮಾತ್ರ ತೊಂದರೆ ಕಾಣುತ್ತಿದ್ದುದೂ, ತಣ್ಣಗೆ ಅಂಗಡಿಗೆ ಹೋದಾಗ ಎಲ್ಲ ಸರಿಯಾಗಿರುತ್ತಿದ್ದುದೂ ಇದಕ್ಕೇ. ಇಂಥ ಅಡಾಪ್ಟರುಗಳು ಕರಗಿ ಬೆಂಕಿ ಹೊತ್ತಿಸಿದ್ದೂ ಇದೆ ಎಂದು ತಂಗಿಯ ಮಗ ಹೇಳಿದ ಮೇಲೆ ಅದನ್ನು ಮನೆಯಲ್ಲೇ ಇಟ್ಟುಕೊಳ್ಳಲಿಲ್ಲ.

ಪಕ್ಕದಲ್ಲೇ ನಾಲ್ಕು ವರ್ಷದಿಂದ ಬಳಸದ ಡಿವಿಡಿ ರೈಟರ್ ಇತ್ತು. ಅದಕ್ಕೆ ಮಾತ್ರ ಎಸ್‌ಎಂಪಿಎಸ್‌ನ ನೇರ ತಂತಿ ಹೋಗಿತ್ತು. ಆ ತಂತಿಯನ್ನು ಕಿತ್ತು ಡಿಸ್ಕಿಗೆ ಹಾಕಿದೆ. ಖರ್ಚು ಸೊನ್ನೆ.

ಒಂದು ವಿಷಯ ನನ್ನನ್ನು ಬಹಳ ಕಾಡಿತು. ನಾಲ್ಕು ಸಾವಿರ ಕೊಟ್ಟು ಹೊಸ ಡಿಸ್ಕ್ ಹಾಕಿಸಿದ್ದರೆ ಅದನ್ನೂ ಅದೇ ಅಡಾಪ್ಟರಿಗೇ ಸಿಕ್ಕಿಸುತ್ತಿದ್ದರು. ಎಸ್‌ಎಸ್‌ಡಿ ಹಾಕಿಸಿದ್ದರೂ ಅಷ್ಟೇ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತ ಅರ್ಧಕ್ಕೆ ಮುರಿಯುತ್ತದೆ, ಹೊಸ ಡಿಸ್ಕಾದರೂ ಹಳೆಯದಾದರೂ. ಭಾಗ ಬದಲಿಸುವ ಮೊದಲು ‘ಆ ಭಾಗ ಕೆಟ್ಟಿದೆ ಎಂದು ಯಾವ ಅಂಕಿ ಹೇಳುತ್ತದೆ, ತೋರಿಸಿ’ ಎಂದು ಅಂಗಡಿಯಲ್ಲಿ ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಕೆಲಸಗಾರ ಖುಷಿಯಿಂದ ತೋರಿಸುತ್ತಾನೆ.

ಕಾಪಿಗೆ ಎಷ್ಟು ಖರ್ಚು ಮಾಡಬೇಕು ಎಂದು ಕೇಳುವವರು ತಮ್ಮ ಡಿಸ್ಕಿನಲ್ಲಿರುವುದನ್ನು ಎರಡು ಪಾಲು ಮಾಡಿ ನೋಡಿ. ಪಹಣಿ ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ಮತ್ತೆ ಸಿಗುತ್ತದೆ. ಆಧಾರ್, ಪ್ಯಾನ್ ಡಿಜಿಲಾಕರ್‌ನಲ್ಲಿವೆ. ಬ್ಯಾಂಕ್ ಸ್ಟೇಟ್‌ಮೆಂಟ್ ಬ್ಯಾಂಕಿನವರು ಕೊಡುತ್ತಾರೆ. ಇವು ಹೋದರೆ ಹೋಗುವುದು ಒಂದು ದಿನದ ಓಡಾಟ. ನೀವೇ ಕೂತು ತುಂಬಿದ ಲೆಕ್ಕ ಮತ್ತು ಮನೆಯ ಫೋಟೊಗಳನ್ನು ಯಾವ ಕಚೇರಿಯೂ ಮತ್ತೆ ಕೊಡುವುದಿಲ್ಲ. ನನ್ನ ಹದಿನಾಲ್ಕು ವರ್ಷದ ಲೆಕ್ಕ ಎಲ್ಲ ಸೇರಿ 40 ಎಂಬಿ ದಾಟಲಿಲ್ಲ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯ ಒಂದು ಮೂಲೆಯಲ್ಲಿ ಅದು ಕೂತಿದೆ. ಫೋಟೊಗಳಿಗಾಗಿ ಹೊರಗಿನ ಡಿಸ್ಕು, ತಿಂಗಳಿಗೊಮ್ಮೆ ಕಾಪಿ ಮಾಡಿದ ಮೇಲೆ ಬೀರುವಿನೊಳಗೆ.

ಕಂಪ್ಯೂಟರನ್ನು ವೃತ್ತಿಗೆ ಬಳಸುವವರು ಬಿಲ್ಲುಗಳನ್ನು ಎಸೆಯಬೇಡಿ. ಲೆಕ್ಕಪುಸ್ತಕ ಇಟ್ಟು ತೆರಿಗೆ ಕಟ್ಟುವವರಿಗೆ ಕಂಪ್ಯೂಟರಿನ ಮೇಲೆ ವರ್ಷಕ್ಕೆ ಶೇ 40ರಷ್ಟು ಸವಕಳಿ ಸಿಗುತ್ತದೆ. ಅಂದಾಜು ಆದಾಯದ ಪದ್ಧತಿಯಲ್ಲಿ ಕಟ್ಟುವವರಿಗೆ ಅದು ಪ್ರತ್ಯೇಕವಾಗಿ ಸಿಗುವುದಿಲ್ಲ.

ತಂತಿ ಬದಲಿಸಿದ ಭಾನುವಾರದಿಂದ ಕಂಪ್ಯೂಟರ್ ಹಾಕಿದಾಗಲೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯುತ್ತಾ ಬಂದೆ. ಸ್ಲೀಪ್‌ನಿಂದ ಎದ್ದರೂ ಡಿಸ್ಕಿನ ಲೆಕ್ಕ ಏರುವುದರಿಂದ ಸ್ಲೀಪನ್ನು ಆರಿಸಿಟ್ಟಿದ್ದೆ. ದೀಪಾವಳಿಯ ದಿನ ಎಣಿಸಿದೆ. ಗೆರೆಗಳು 94. ಅಷ್ಟು ದಿನದಲ್ಲಿ 0ಸಿ ಸಾಲು ಏರಿದ್ದೂ 94.